ಇಲ್ಲದ ಕಾಯಿಲೆಯೊಂದು ವೈದ್ಯಕೀಯ ಸಾಹಿತ್ಯದಲ್ಲಿ 34 ವರ್ಷ ಉಳಿದದ್ದು ಹೇಗೆ?

ಆ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಸಂಶೋಧನಾ ಲೇಖನದಲ್ಲಲ್ಲ, ಸಂಪಾದಕರಿಗೆ ಬರೆದ ಪುಟ್ಟ ಪತ್ರದಲ್ಲಿ. ಅಚ್ಚಾದ ಮೇಲೆ ಬೇರೆಯವರು ಅದನ್ನೇ ಆಧಾರವೆಂದು ಉಲ್ಲೇಖಿಸುತ್ತ ಹೋದರು. 1974ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ, ಗಿಟಾರಿನ ಅಂಚು ಒತ್ತಿ ಮೊಲೆತೊಟ್ಟು ಊದಿಕೊಂಡ ಬಗ್ಗೆ ಪತ್ರವೊಂದು ಬಂತು. ಇದು ತಮಾಷೆಯೇ ಇರಬೇಕೆಂದುಕೊಂಡ ವೈದ್ಯೆ ಎಲೇನ್ ಮರ್ಫಿ ‘ಚೆಲ್ಲೊ ಸ್ಕ್ರೋಟಮ್’, ಅಂದರೆ ಚೆಲ್ಲೊ ಎಂಬ ದೊಡ್ಡ ಪಿಟೀಲಿನಂಥ ವಾದ್ಯ ನುಡಿಸುವವರಿಗೆ ವೃಷಣಚೀಲ ಕೆರಳುವ ಕಾಯಿಲೆಯನ್ನು ಹುಟ್ಟಿಸಿ ಅದೇ ಪತ್ರಿಕೆಗೆ ಪತ್ರ ಬರೆದರು. ಸಹಿ ಮಾತ್ರ ಗಂಡ ಜಾನ್ ಅವರದು. ಚೆಲ್ಲೊ ನಿಲ್ಲುವುದು ನೆಲಕ್ಕೂರಿದ ಕಡ್ಡಿಯ ಮೇಲೆ, ಒರಗುವುದು ಎದೆಗೆ, ಹಿಡಿತ ಮೊಣಕಾಲುಗಳದು. ಆ ಜಾಗಕ್ಕೆ ತಾಗುವುದೇ ಇಲ್ಲ! ಯಾರಾದರೂ ನುಡಿಸುವುದನ್ನು ಒಮ್ಮೆ ನೋಡಿದ್ದರೂ ಸಾಕಿತ್ತು. 2008ರ ಕೊನೆಗೆ ಅದೇ ಪತ್ರಿಕೆಯ ಲೇಖನವೊಂದು ಇದನ್ನು ಮತ್ತೆ ಹೆಸರಿಸಿದಾಗ, ಮರುತಿಂಗಳು ದಂಪತಿ ನಿಜ ಒಪ್ಪಿಕೊಂಡರು.