‘ಐಸ್‌ಬರ್ಗ್’ ಎಂಬ ಪದದ ಅರ್ಥ ಮತ್ತು ಮೂಲವೇನು?

ಗದಗಿನ ವಿದ್ಯಾರ್ಥಿಯೊಬ್ಬರು, ಐಸ್‌ಬರ್ಗ್‌ನಲ್ಲಿರುವ ‘ಬರ್ಗ್’ ಎಂದರೆ ದೊಡ್ಡ ತುಂಡು ಎಂದೇ ಎಂದು ಕೇಳಿದ್ದಾರೆ. ಅಲ್ಲ, ಅದರ ಅರ್ಥ ಬೆಟ್ಟ. ಡಚ್ ಭಾಷೆಯ ‘ಐಸ್‌ಬೆರ್ಖ್’, ಅಂದರೆ ಹಿಮದ ಬೆಟ್ಟ, ಎಂಬ ಪದವನ್ನು ಇಂಗ್ಲಿಷ್ 18ನೇ ಶತಮಾನದಲ್ಲಿ ಅರ್ಧ ಅನುವಾದಿಸಿ, ಅರ್ಧ ಹಾಗೆಯೇ ಉಳಿಸಿಕೊಂಡಿತು: ‘ಐಸ್’ ಇಂಗ್ಲಿಷಿನದೇ, ‘ಬರ್ಗ್’ ಎರವಲು. ಕಪ್ಪತಗುಡ್ಡದ ಹೆಸರಿನಲ್ಲಿ ‘ಗುಡ್ಡ’ ಮಾಡುವ ಕೆಲಸವನ್ನೇ ಇಲ್ಲಿ ‘ಬರ್ಗ್’ ಮಾಡುತ್ತದೆ.

ಉತ್ತರ ಧ್ರುವ ಸಮುದ್ರಗಳಲ್ಲಿ ತಿಮಿಂಗಿಲ ಬೇಟೆಗೆ ಹೋಗುತ್ತಿದ್ದವರಲ್ಲಿ ಡಚ್ಚರು ಪ್ರಮುಖರಾಗಿದ್ದುದರಿಂದ ಅವರ ಪದ ಇಂಗ್ಲಿಷಿಗೆ ಬಂದದ್ದು ಅಚ್ಚರಿಯಲ್ಲ. 1596ರಲ್ಲಿ ಡಚ್ ನಾವಿಕ ವಿಲ್ಲೆಮ್ ಬಾರೆಂಟ್ಸ್ ಚೂಪು ಶಿಖರಗಳ ನಾಡಿಗೆ ಇಟ್ಟ ‘ಸ್ಪಿಟ್ಸ್‌ಬೆರ್ಗೆನ್’ ಎಂಬ ಹೆಸರಿನಲ್ಲಿಯೂ ಇದೇ ಬೆಟ್ಟವಿದೆ. ಮೊದಮೊದಲು ಇಂಗ್ಲಿಷಿನಲ್ಲಿ ಐಸ್‌ಬರ್ಗ್ ಎಂದರೆ, ಸಮುದ್ರದಿಂದ ನೋಡುವವರಿಗೆ ಬೆಟ್ಟದಂತೆ ಕಾಣುವ, ದಡದ ಮೇಲಿನ ಹಿಮನದಿಯ ಅಂಚು ಎಂಬ ಅರ್ಥವೂ ಇತ್ತು. ತೇಲುವ ರಾಶಿಗೇ ಆ ಹೆಸರು ಗಟ್ಟಿಯಾದದ್ದು ತರುವಾಯ.

ಇಂದು ಐಸ್‌ಬರ್ಗ್ ಎಂದರೆ ಹಿಮನದಿಯಿಂದಲೋ ಅಂಟಾರ್ಕ್ಟಿಕಾದಲ್ಲಿರುವಂಥ ಹಿಮಚಾಚಿನಿಂದಲೋ (ನೆಲದಿಂದ ಸಮುದ್ರದ ಮೇಲೆ ಚಾಚಿಕೊಂಡು ತೇಲುವ ಹಿಮದ ದಪ್ಪ ಹಾಸು) ಕಳಚಿ ಬಿದ್ದು, ಸಮುದ್ರದಲ್ಲಿ ತೇಲುವ ಬೃಹತ್ ಹಿಮಬಂಡೆ. ಹಿಮ ಬಿದ್ದು ಒತ್ತಿಕೊಂಡು ಆದದ್ದಾದ್ದರಿಂದ ಅದು ಸಿಹಿನೀರಿನದು. ಕಡಲ ನೀರೇ ಹೆಪ್ಪುಗಟ್ಟಿ ಆಗುವ ಮಂಜುಗಡ್ಡೆಯನ್ನು ಐಸ್‌ಬರ್ಗ್ ಎನ್ನುವುದಿಲ್ಲ, ಪತ್ರಿಕೆಗಳು ಇವೆರಡನ್ನೂ ಆಗಾಗ ಬೆರೆಸಿಬಿಡುತ್ತವೆ. ಮಂಜುಗಡ್ಡೆಯ ಸಾಂದ್ರತೆ ಘನ ಮೀಟರಿಗೆ ಸುಮಾರು 917 ಕಿಲೋಗ್ರಾಂ, ಸಮುದ್ರದ ನೀರಿನದು ಸುಮಾರು 1,025. ಆದುದರಿಂದಲೇ ಬಂಡೆಯ ಹತ್ತರಲ್ಲಿ ಒಂಬತ್ತು ಪಾಲು ನೀರಿನೊಳಗಿರುತ್ತದೆ.