ಹೋಲ್ಟರ್ ಕಟ್ಟಿಕೊಂಡು ಕೆಲಸಕ್ಕೆ ಹೋಗಬಹುದಾ?

ಎದೆಬಡಿತ ನೋಡೋಕೆ ಡಾಕ್ಟರ್ 24 ಗಂಟೆ ಹೋಲ್ಟರ್ (ಎದೆಗೆ ಪ್ಯಾಚ್ ಅಂಟಿಸಿ, ತಂತಿಯ ಮೂಲಕ ಬಡಿತವನ್ನು ಬಿಡದೆ ಬರೆದಿಟ್ಟುಕೊಳ್ಳುವ ಪುಟ್ಟ ಯಂತ್ರ) ಹಾಕಿಸಿಕೊಳ್ಳಲು ಹೇಳಿದ್ದಾರೆ, ರಜೆ ಹಾಕಿ ಮನೆಯಲ್ಲಿರಲೋ ಕೆಲಸಕ್ಕೆ ಹೋಗಲೋ ಅಂತ ಕೇಳಿದ್ದೀರಿ. ಡಾಕ್ಟರ್ ಬೇಡ ಅನ್ನದಿದ್ದರೆ ಖಂಡಿತ ಹೋಗಿ. ನಾನು ಎರಡು ಸಲ ಹಾಕಿಸಿಕೊಂಡಿದ್ದೇನೆ. ಮೊದಲ ಸಲ ಮನೆಯಲ್ಲಿ ಮಲಗಿದ್ದಕ್ಕೇ ಎರಡನೇ ಸಲ ಬೇಕಾಯಿತು.

ನಾನು ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸೀಸನ್ ಬಂದರೆ ನಿದ್ದೆ ಅಷ್ಟಕ್ಕಷ್ಟೆ. ಲೋಡ್ ಬರುವ ಹೊತ್ತಿಗೆ ಎದೆ ಒಂದು ಕ್ಷಣ ನಿಂತ ಹಾಗಾಗಿ, ಆಮೇಲೆ ಧಡ್ ಅಂತ ಗುದ್ದುತ್ತಿತ್ತು. ಇಸಿಜಿ ಮಾಡಿಸಿದರೆ ನಾರ್ಮಲ್. ಆ ಕಾಗದದಲ್ಲಿ ಸಿಗುವುದು ಸುಮಾರು 10 ಸೆಕೆಂಡಿನ ಬಡಿತ ಅಷ್ಟೆ. ಹೃದಯ ದಿನಕ್ಕೆ ಬಡಿಯುವುದು ಸುಮಾರು 1 ಲಕ್ಷ ಸಲ. ಅದಕ್ಕೇ ಹೋಲ್ಟರ್.

ಮೊದಲ ಸಲ ಹೆದರಿಕೆ. ತಂತಿ ಕಿತ್ತುಹೋದರೆ ಅಂತ ಇಡೀ ದಿನ ಮಂಚ ಬಿಟ್ಟು ಇಳಿಯಲಿಲ್ಲ. ರಿಪೋರ್ಟಿನಲ್ಲಿ ಏನೂ ಸಿಗಲಿಲ್ಲ. 'ತೊಂದರೆ ಆಗೋದು ಮಂಡಿಯಲ್ಲಿ ಅಂತೀರಿ, ಅವತ್ತು ಮಂಡಿಗೇ ಹೋಗಿಲ್ವಲ್ಲ' ಅಂದರು ಡಾಕ್ಟರ್.

ಎರಡನೇ ಸಲ ಎಂದಿನ ಹಾಗೆ ಹೋದೆ. ಮೆಟ್ಟಿಲು ಹತ್ತಿದೆ, ಕಾಫಿ ಕುಡಿದೆ, ಲೆಕ್ಕದಲ್ಲಿ ಜಗಳವೂ ಆಯಿತು. ಎದೆ ಗುದ್ದಿದಾಗಲೆಲ್ಲ ಯಂತ್ರದ ಬಟನ್ ಒತ್ತಿ, ಅವರು ಕೊಟ್ಟ ಹಾಳೆಯಲ್ಲಿ ಬರೆದೆ: 'ಬೆಳಗ್ಗೆ 4.40, ಲಾರಿ ಹತ್ತಿರ ನಿಂತಿದ್ದೆ.' ಆ ಹೊತ್ತಿಗೆ ಸರಿಯಾಗಿ ಹೆಚ್ಚುವರಿ ಬಡಿತಗಳು ಸಿಕ್ಕವು. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಹೃದಯ ಚೆನ್ನಾಗಿದೆ ಅಂತ ಬಂತು. ನಿದ್ದೆ ಸರಿಮಾಡಿಕೊಳ್ಳಿ, ಕಾಫಿ ಕಮ್ಮಿ ಮಾಡಿ ಅಂದರು. ಎಷ್ಟು ನಿರಾಳ ಆಯಿತು ಅಂತ ಹೇಳೋಕಾಗಲ್ಲ. ಆ ಹಾಳೆಯನ್ನು ಮಾತ್ರ ಸೋಮಾರಿತನ ಮಾಡದೆ ಬರೆಯಿರಿ. ಏನೂ ಆಗದಿದ್ದರೂ ಊಟ, ನಿದ್ದೆ, ಮಾತ್ರೆಯ ಹೊತ್ತು ಬರೆಯಿರಿ.

ಇನ್ನು ಸಣ್ಣ ವಿಷಯಗಳು. ಹೋಲ್ಟರ್ ಹಾಕಿಸಿಕೊಳ್ಳಲು ಹೋಗುವ ಮೊದಲೇ ಚೆನ್ನಾಗಿ ಸ್ನಾನ ಮಾಡಿ. ಸಾಮಾನ್ಯವಾಗಿ ಬಿಚ್ಚುವ ತನಕ ನೀರು ತಾಕಿಸಬಾರದು ಅಂತಾರೆ. ಎದೆಗೆ ಎಣ್ಣೆ, ಪೌಡರ್ ಹಚ್ಚಬೇಡಿ, ಪ್ಯಾಚ್ ಅಂಟಲ್ಲ. ಕೂದಲಿದ್ದರೆ ಅಲ್ಲಷ್ಟೇ ಬೋಳಿಸುತ್ತಾರೆ. ಮುಂದೆ ಗುಂಡಿ ಇರುವ ಸಡಿಲ ಅಂಗಿ ಒಳ್ಳೆಯದು. ಬೆವರಿಗೆ ಪ್ಯಾಚ್ ಕಡಿತ ಬರುತ್ತೆ, ಕೆರೆಯಬೇಡಿ. ಮೊಬೈಲನ್ನು ಅಂಗಿ ಜೇಬಿನಲ್ಲಿ ಇಡಬೇಡಿ. ದಿನಾ ನುಂಗುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಯಂತ್ರ ಭಾರ ಇಲ್ಲ. ಅಮೆರಿಕದ ನಾರ್ಮನ್ ಹೋಲ್ಟರ್ 1940ರ ದಶಕದಲ್ಲಿ ಬೆನ್ನಿಗೆ ಹೊತ್ತ ಮೊದಲ ಯಂತ್ರ ಸುಮಾರು 38 ಕೆಜಿ ಇತ್ತಂತೆ. ನಮ್ಮ 15 ಕೆಜಿ ಕ್ರೇಟ್ ಲೆಕ್ಕದಲ್ಲಿ ಎರಡೂವರೆ ಕ್ರೇಟ್! ಈಗಿನದು ಬೆಲ್ಟಿಗೆ ಸಿಕ್ಕಿಸಿಕೊಳ್ಳುವಷ್ಟೇ ಇರುತ್ತೆ.

ಒಂದು ಮಾತು ಮರೀಬೇಡಿ. ಯಂತ್ರ ಬರೆದಿಟ್ಟುಕೊಳ್ಳುತ್ತೆ ಅಷ್ಟೆ, ಆಸ್ಪತ್ರೆಗೆ ಫೋನ್ ಮಾಡಲ್ಲ. ಎದೆನೋವು ಬಂದರೆ, ತಲೆ ಸುತ್ತಿ ಬಿದ್ದರೆ, ಉಸಿರು ಕಟ್ಟಿದರೆ 24 ಗಂಟೆ ಮುಗಿಯಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಯಂತ್ರದ ಸಮೇತ ಹೋಗಿ.