ಬೀದಿ ಪ್ರಸಂಗದಲ್ಲಿ ಪ್ರೀತಿ ಮತ್ತು ನ್ಯಾಯತೀರ್ಪು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯ ಅಯ್ಯನವರಿಗೆ ವಂದನೆಗಳು. ನಮ್ಮ ಸಭೆಯ ಯುವಜನರು ಭಾನುವಾರ ಸಂಜೆಗಳಲ್ಲಿ ಬಸ್ ನಿಲ್ದಾಣದ ಬಳಿ ನಿಂತು ಹಾಡುತ್ತೇವೆ, ಸಾಕ್ಷಿ ಹೇಳುತ್ತೇವೆ, ಕರಪತ್ರ ಹಂಚಿ ಚಿಕ್ಕ ಪ್ರಸಂಗ ಮಾಡುತ್ತೇವೆ. ನರಕದ ಮತ್ತು ನ್ಯಾಯತೀರ್ಪಿನ ಮಾತಿಲ್ಲದ್ದು ಸುವಾರ್ತೆಯೇ ಅಲ್ಲ, ಮನೆಗೆ ಬೆಂಕಿ ಬಿದ್ದಾಗ ಮಲಗಿದವರನ್ನು ಕೂಗಿಯೇ ಎಬ್ಬಿಸಬೇಕು ಎಂದು ತಂಡದ ಹಿರಿಯರೊಬ್ಬರು ಹೇಳುತ್ತಾರೆ. ಬೀದಿಯಲ್ಲಿ ದೇವರ ಪ್ರೀತಿಯೊಂದನ್ನೇ ಸಾರಿದರೆ ಸಾಕು, ಉಳಿದದ್ದನ್ನು ಸಭೆಗೆ ಬಂದ ಮೇಲೆ ಕಲಿಸಿದರಾಯಿತು ಎಂದು ಇನ್ನೊಬ್ಬರು ಹೇಳುತ್ತಾರೆ. ನಾವು ಯಾವುದನ್ನು ಎಷ್ಟು ಹೇಳಬೇಕು?
(ಯುವಕ, ದಾವಣಗೆರೆ)

ಉತ್ತರ: ಪ್ರಿಯ ಸಹೋದರರೇ, ನಿಮ್ಮ ಹಿರಿಯರಿಬ್ಬರೂ ಸತ್ಯವೇದದಲ್ಲಿ ಇರುವುದನ್ನೇ ಹೇಳುತ್ತಿದ್ದಾರೆ, ಆದರೆ ಒಂದು ಹೆಚ್ಚಿದರೆ ಇನ್ನೊಂದು ತಗ್ಗಲೇಬೇಕೆಂದು ಇಬ್ಬರೂ ಎಣಿಸಿದಂತಿದೆ. ಎಚ್ಚರಿಕೆಯ ಮಾತನ್ನು ಬೀದಿಯಲ್ಲಿ ಬಿಟ್ಟುಬಿಡಬೇಕೆಂದು ನಾನು ಹೇಳುವುದಿಲ್ಲ. ತಾನೂ ಅದೇ ತೀರ್ಪಿನ ಕೆಳಗೆ ನಿಂತಿದ್ದೇನೆಂದು ಒಪ್ಪಿಕೊಂಡು, ಕೇಳುವವನಿಗೆ ಮರುಮಾತನಾಡುವ ಅವಕಾಶವನ್ನೂ ಕೊಡುವವನು ಮಾತ್ರ ಅದನ್ನು ಆಡಬಹುದು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಆಧಾರಗಳನ್ನು ಹೇಳುತ್ತೇನೆ.

ಅಪೊಸ್ತಲರ ಕೃತ್ಯಗಳು 17ನೆಯ ಅಧ್ಯಾಯವನ್ನು ನಿಮ್ಮ ತಂಡದವರೆಲ್ಲ ಕುಳಿತು ನಿಧಾನವಾಗಿ ಓದಿರಿ. ಇಸ್ರಾಯೇಲರ ಶಾಸ್ತ್ರವನ್ನು ಅರಿಯದ ಜನರೊಂದಿಗೆ ಪೌಲನು ಪೇಟೆಬೀದಿಯಲ್ಲಿ ಮಾತಿಗೆ ತೊಡಗಿದ ಬಗೆ ಅಲ್ಲಿ ವಿವರವಾಗಿದೆ. ಅಥೇನೆ ಪಟ್ಟಣದ ತುಂಬ ವಿಗ್ರಹಗಳನ್ನು ಕಂಡು ಅವನ ಮನಸ್ಸು ಕುದಿಯಿತೆಂದು ಲೂಕನು ಬರೆಯುತ್ತಾನೆ. ಆದರೂ ಆ ಕುದಿತವನ್ನು ಅವನು ಜನರ ಮೇಲೆ ಸುರಿಯಲಿಲ್ಲ. ಪ್ರತಿದಿನ ಪೇಟೆಯಲ್ಲಿ ಎದುರಾದವರೊಂದಿಗೆ ಚರ್ಚಿಸಿದನು, ಅಂದರೆ ಅವರ ಮಾತಿಗೂ ಕಿವಿಗೊಟ್ಟನು. ಅರಿಯೊಪಾಗದಲ್ಲಿ ನಿಂತಾಗ ಅವರ ಭಕ್ತಿಯನ್ನು ಗುರುತಿಸಿ ಮಾತು ತೆಗೆದು, ಅವರದೇ ಕವಿಗಳ ಸಾಲನ್ನು ಎತ್ತಿ ಹೇಳಿ, ದೇವರು ನಮ್ಮಲ್ಲಿ ಯಾರಿಗೂ ದೂರವಾದವನಲ್ಲ ಎಂದು ತಿಳಿಸಿ, ಕೊನೆಗೆ ಎಲ್ಲ ಮನುಷ್ಯರೂ ದೇವರ ಕಡೆಗೆ ತಿರುಗಿಕೊಳ್ಳಬೇಕೆಂದೂ ಲೋಕಕ್ಕೆ ನೀತಿಯಿಂದ ನ್ಯಾಯತೀರಿಸುವ ದಿನವೊಂದು ಗೊತ್ತಾಗಿದೆಯೆಂದೂ ಸಾರಿದನು. ನರಕಯಾತನೆಯ ವರ್ಣನೆ ಅಲ್ಲಿ ಒಂದು ಸಾಲೂ ಇಲ್ಲ. ಹಾಗೆ ನೋಡಿದರೆ ಆ ಪುಸ್ತಕದ ಯಾವ ಪ್ರಸಂಗದಲ್ಲಿಯೂ ಇಲ್ಲ. ಆದರೆ ನ್ಯಾಯತೀರ್ಪಿನ ದಿನವನ್ನು ಅವನು ನುಂಗಿಕೊಳ್ಳಲೂ ಇಲ್ಲ. ಪುನರುತ್ಥಾನದ ಮಾತು ಕೇಳಿ ಕೆಲವರು ಅಪಹಾಸ್ಯ ಮಾಡಿದರು, ಕೆಲವರು ಇನ್ನೊಮ್ಮೆ ಕೇಳುತ್ತೇವೆಂದರು. ಅವನು ಅವರನ್ನು ಅಡ್ಡಗಟ್ಟದೆ ಅಲ್ಲಿಂದ ಹೊರಟುಹೋದನು.

ಇನ್ನು 24ನೆಯ ಅಧ್ಯಾಯ. ಅಲ್ಲಿ ಪೌಲನು ಸೆರೆಯಾಳು; ಎದುರಿಗೆ ಕುಳಿತವನು ದೇಶಾಧಿಪತಿಯಾದ ಫೇಲಿಕ್ಸನು, ಲಂಚಕ್ಕಾಗಿ ಕಾಯುತ್ತಿದ್ದವನು. ಅವನ ಮುಂದೆ ಪೌಲನು ನೀತಿ, ಇಂದ್ರಿಯನಿಗ್ರಹ ಮತ್ತು ಮುಂಬರುವ ನ್ಯಾಯತೀರ್ಪನ್ನು ಕುರಿತೇ ಮಾತನಾಡಿದನು; ಫೇಲಿಕ್ಸನು ಭಯಪಟ್ಟನು. ಬೇಡಿಯಲ್ಲಿದ್ದವನು ಅಧಿಕಾರದಲ್ಲಿದ್ದವನಿಗೆ ಕೊಟ್ಟ ಎಚ್ಚರಿಕೆ ಇದು. ನಮ್ಮ ಬೀದಿ ಪ್ರಸಂಗಗಳಲ್ಲಿ ಹೆಚ್ಚಾಗಿ ಇದು ತಿರುಗುಮುರುಗಾಗಿದೆ: ಹೂವು ಮಾರುವವಳಿಗೆ, ಹಮಾಲಿ ಮಾಡುವವನಿಗೆ, ಬಸ್ಸು ತಪ್ಪಿಸಿಕೊಂಡು ನಿಂತ ಮುದುಕರಿಗೆ ನಾವು ಬೆಂಕಿಯ ಕೆರೆಯನ್ನು ಬಣ್ಣಿಸುತ್ತೇವೆ, ಆದರೆ ಲಂಚ ತಿನ್ನುವವರ ಎದುರಿಗೆ, ಕೂಲಿ ಹಿಡಿದಿಡುವ ಧಣಿಗಳ ಎದುರಿಗೆ, ಅಂಥವರು ನಮ್ಮದೇ ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿದ್ದರೂ, ಪ್ರೀತಿಯೊಂದನ್ನೇ ಬೋಧಿಸುತ್ತೇವೆ. ನ್ಯಾಯತೀರ್ಪು ಎಂಬುದು ಎಲ್ಲರಿಗೂ ಭಯದ ಸುದ್ದಿಯೂ ಅಲ್ಲ. ಯೆಹೋವನು ಲೋಕಕ್ಕೆ ನ್ಯಾಯತೀರಿಸಲು ಬರುತ್ತಾನೆಂದು ಹೊಲವೂ ವನದ ಮರಗಳೂ ಹರ್ಷಿಸಲಿ ಎಂದು 96ನೆಯ ಕೀರ್ತನೆ ಹಾಡುತ್ತದೆ. ಮೋಸಹೋಗಿ, ಯಾವ ಕಚೇರಿಯಲ್ಲಿಯೂ ನ್ಯಾಯ ಸಿಗದೆ ನೊಂದವನಿಗೆ, ತನ್ನ ದೂರನ್ನು ಕೇಳುವ ನ್ಯಾಯಾಧಿಪತಿಯೊಬ್ಬನಿದ್ದಾನೆ ಎಂಬ ಮಾತೇ ದೇವರ ಪ್ರೀತಿಯ ಸುದ್ದಿ. ಬೀದಿಯಲ್ಲಿ ನ್ಯಾಯತೀರ್ಪನ್ನು ಹೀಗೆ ಸಾರಿದ ಪ್ರಸಂಗಗಳನ್ನು ನಾನು ಕೇಳಿದ್ದು ಬಹಳ ಕಡಿಮೆ.

ಬೆದರಿಸಿದರೆ ಫಲ ಸಿಗುತ್ತದೆ ಎಂಬ ವಾದವೂ ನಿಮ್ಮ ತಂಡದಲ್ಲಿ ಬಂದೀತು. ಸಿಗುತ್ತದೆ, ಯೋನನಿಗೂ ಸಿಕ್ಕಿತು. ನಲವತ್ತು ದಿನಗಳಲ್ಲಿ ನಿನೆವೆ ಕೆಡವಲ್ಪಡುವುದೆಂದು ಅವನು ಸಾರಿದಾಗ ಅರಸನಿಂದ ಹಿಡಿದು ಎಲ್ಲರೂ ಗೋಣಿತಟ್ಟನ್ನು ಉಟ್ಟುಕೊಂಡರು. ಆದರೆ ಪಟ್ಟಣ ಉಳಿಯಿತೆಂದು ಯೋನನು ಸಿಟ್ಟಾದನು. ಎಡಗೈ ಬಲಗೈ ತಿಳಿಯದ ಒಂದು ಲಕ್ಷದ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನರೂ ಬಹಳ ಪಶುಗಳೂ ಇರುವ ಆ ಊರಿಗಾಗಿ ನಾನು ಕನಿಕರಪಡಬಾರದೋ ಎಂದು ದೇವರು ಅವನನ್ನು ಕೇಳುವಲ್ಲಿಗೆ ಆ ಪುಸ್ತಕ ಮುಗಿಯುತ್ತದೆ. ಊರೆಲ್ಲ ಪಶ್ಚಾತ್ತಾಪಪಟ್ಟರೂ ಪ್ರಸಂಗಿಯೊಬ್ಬನು ದೇವರ ಮನಸ್ಸಿನಿಂದ ದೂರವಿರಲು ಸಾಧ್ಯವೆಂದು ಸತ್ಯವೇದವೇ ತೋರಿಸಿರುವಾಗ, ಕೈ ಎತ್ತಿದವರ ಲೆಕ್ಕದಿಂದ ಪ್ರಸಂಗವನ್ನು ಅಳೆಯಲಾಗದು. ಯೆರೂಸಲೇಮಿನ ನಾಶವನ್ನು ಮುಂತಿಳಿಸಿದ ಕರ್ತನು ಆ ಪಟ್ಟಣವನ್ನು ನೋಡಿ ಅತ್ತನೆಂದು ಲೂಕನು ಬರೆದಿದ್ದಾನೆ. ನಮ್ಮಲ್ಲಿ ನರಕದ ಮಾತನ್ನು ಒಂದು ಬಗೆಯ ಉತ್ಸಾಹದಿಂದ ಆಡುವವರಿದ್ದಾರೆ. ಅಂಥವರ ಕೈಗೆ ಮೈಕ್ ಕೊಡಬೇಡಿರಿ.

ಬಯಲು ಪ್ರಸಂಗದ ಚರಿತ್ರೆಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1739ರ ಫೆಬ್ರುವರಿಯಲ್ಲಿ ಜಾರ್ಜ್ ವೈಟ್‌ಫೀಲ್ಡ್ ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರದ ಕಿಂಗ್ಸ್‌ವುಡ್ ಎಂಬಲ್ಲಿ ಕಲ್ಲಿದ್ದಲ ಗಣಿಯ ಕೆಲಸಗಾರರಿಗೆ ಬಯಲಿನಲ್ಲಿ ಪ್ರಸಂಗ ಮಾಡಿದರು. ಗಣಿಯಿಂದ ನೇರವಾಗಿ ಬಂದವರ ಕಪ್ಪು ಕೆನ್ನೆಗಳ ಮೇಲೆ ಕಣ್ಣೀರು ಬಿಳಿಯ ಗೆರೆಗಳನ್ನು ಎಳೆದದ್ದನ್ನು ಅವರೇ ಬರೆದಿಟ್ಟಿದ್ದಾರೆ. ಬಿಟ್ಟುಕೊಡಲು ತಮ್ಮದೆಂಬ ಯಾವ ನೀತಿಯೂ ಇಲ್ಲದ ಆ ಜನರಿಗೆ, ಯೇಸು ಸುಂಕದವರ ಸ್ನೇಹಿತನೆಂದು ಕೇಳಿದ್ದೇ ಸಂತೋಷವಾಯಿತಂತೆ. ಅದೇ ವರ್ಷದ ಏಪ್ರಿಲ್ 2ರಂದು ಬಯಲಿಗಿಳಿದ ಜಾನ್ ವೆಸ್ಲಿ 1751ರ ಒಂದು ಪತ್ರದಲ್ಲಿ ತಮ್ಮ ಕ್ರಮವನ್ನು ವಿವರಿಸಿದ್ದಾರೆ: ಹೊಸ ಸ್ಥಳದಲ್ಲಿ ಮೊದಲು ಪಾಪಿಗಳ ಮೇಲೆ ದೇವರಿಗಿರುವ ಪ್ರೀತಿಯನ್ನೂ ಅವರು ರಕ್ಷಣೆ ಹೊಂದಬೇಕೆಂಬ ಆತನ ಇಚ್ಛೆಯನ್ನೂ ಸಾರಬೇಕು, ಆಮೇಲೆ ಧರ್ಮಶಾಸ್ತ್ರವನ್ನು ಮನಸ್ಸಿನ ಒಳಹೊಕ್ಕು ಶೋಧಿಸುವಂತೆ ಬೋಧಿಸಬೇಕು, ನಡುನಡುವೆ ಸುವಾರ್ತೆಯನ್ನು ಬೆರೆಸಬೇಕು. ವೆಸ್ಲಿಯವರು ಮೃದುವಾದಿಯಾಗಿರಲಿಲ್ಲ, ಆದರೂ ಮೊದಲ ಮಾತು ಯಾವುದೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ದೇವರ ಕೋಪವನ್ನು ಕುರಿತ ಪ್ರಸಂಗವೆಂದರೆ ನಿಮ್ಮ ಹಿರಿಯರು ಬಹುಶಃ ಜೊನಾಥನ್ ಎಡ್ವರ್ಡ್ಸ್ ಅವರನ್ನು ನೆನೆಯುತ್ತಾರೆ. 1741ರ ಜುಲೈ 8ರಂದು ಇಂದಿನ ಅಮೆರಿಕದ ಎನ್‌ಫೀಲ್ಡ್‌ನಲ್ಲಿ ಅವರು ಮಾಡಿದ ಆ ಪ್ರಸಂಗದಲ್ಲಿ ಜನ ಕೂಗಿ ಅತ್ತದ್ದು ನಿಜ, ಆದರೆ ಅದು ಆರಾಧನಾಲಯದೊಳಗೆ, ಸತ್ಯವೇದವನ್ನು ಬಾಲ್ಯದಿಂದ ಕೇಳುತ್ತ ಬಂದಿದ್ದ ಜನರಿಗೆ ಹೇಳಿದ ಮಾತು. ಅದನ್ನು ಬಸ್ ನಿಲ್ದಾಣಕ್ಕೆ ಎತ್ತಿಕೊಂಡು ಬರುವಂತಿಲ್ಲ.

ನಮ್ಮ ಕಡೆಯ ಒಂದು ಉದಾಹರಣೆಯೂ ಇದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಸ್ಯಾಮ್ಯುವೆಲ್ ಹೆಬಿಕ್ ಅವರು ಜಾತ್ರೆಗಳಲ್ಲಿ ನಿಂತು ಪ್ರಸಂಗ ಮಾಡಿದವರು, ನಿಷ್ಠುರ ಮಾತಿಗೆ ಹೆಸರಾದವರು. ಅವರು ಬಳಸಿದ ಚಿತ್ರಗಳಲ್ಲಿ ಮನುಷ್ಯನ ಹೃದಯದೊಳಗೆ ನವಿಲು, ಹಂದಿ, ಹಾವು ಮುಂತಾದ ಪ್ರಾಣಿಗಳು ಒಂದೊಂದು ಪಾಪದ ಗುರುತಾಗಿ ಕುಳಿತಿರುತ್ತವೆ. ಅವರ ಎಲ್ಲ ಮಾತುಗಳನ್ನೂ ನಾನು ಅನುಕರಣೀಯ ಎನ್ನಲಾರೆ. ಆದರೆ ಅಹಂಕಾರದ ನವಿಲು ಚಿತ್ರ ಹಿಡಿದವನ ಹೃದಯದಲ್ಲಿಯೂ ಇದೆ ಎಂಬುದನ್ನು ಅಂಥ ಚಿತ್ರ ಮರೆಯಲು ಬಿಡುವುದಿಲ್ಲ.

ಬೆಂಕಿ ಬಿದ್ದ ಮನೆಯ ಹೋಲಿಕೆಯ ವಿಷಯಕ್ಕೆ ಬಂದರೆ, ಕೂಗುವುದು ಸರಿ. ಆದರೆ ಕೂಗಿದವನು ಬಾಗಿಲು ಒಡೆದು ಒಳಗೆ ಹೋಗುತ್ತಾನೆ, ನಡೆಯಲಾರದವರನ್ನು ಎತ್ತಿಕೊಂಡು ಬರುತ್ತಾನೆ, ರಾತ್ರಿ ಅವರಿಗೆ ತನ್ನ ಮನೆಯಲ್ಲಿ ಜಾಗ ಕೊಡುತ್ತಾನೆ. ಆಚೆ ಬದಿಯಲ್ಲಿ ನಿಂತು ಅರ್ಧ ಗಂಟೆ ಕೂಗಿ, ಮೈಕ್ ಮಡಿಚಿಟ್ಟು ಹೊರಟುಹೋಗುವವನ ಪರವಾಗಿ ಆ ಹೋಲಿಕೆ ಮಾತನಾಡುವುದಿಲ್ಲ. ಆದುದರಿಂದ ಪ್ರಸಂಗವನ್ನು ಚಿಕ್ಕದಾಗಿಸಿ, ಅದರ ಎರಡರಷ್ಟು ಹೊತ್ತು ಅಲ್ಲಿಯೇ ನಿಂತು ಜನರ ಪ್ರಶ್ನೆಗಳಿಗೆ, ಬೈಗುಳಕ್ಕೂ ಸಹ, ತಾಳ್ಮೆಯಿಂದ ಕಿವಿಗೊಡಿರಿ. ನ್ಯಾಯತೀರ್ಪಿನ ಮಾತು ಬಂದಾಗ ‘ನೀವು’ ಎನ್ನದೆ ‘ನಾವು’ ಎನ್ನಿರಿ. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿಯೂ ಕ್ರಿಸ್ತನ ನ್ಯಾಯಾಸನದ ಮುಂದೆ ನಾವೆಲ್ಲರೂ ನಿಲ್ಲಬೇಕು ಎಂದೇ ಬರೆದಿದ್ದಾನೆ. ತಪ್ಪಿಸಿಕೊಳ್ಳುವ ದಾರಿಯನ್ನು ಹೇಳಲು ಸಮಯವಿಲ್ಲದಿದ್ದರೆ ಅಪಾಯದ ಮಾತನ್ನು ಆರಂಭಿಸಲೇಬೇಡಿರಿ.

ಪ್ರಶ್ನೆ: ನಮ್ಮ ತಂದೆಯವರು ಕ್ರೈಸ್ತರಾಗಿರಲಿಲ್ಲ, ಕಳೆದ ವರ್ಷ ತೀರಿಕೊಂಡರು. ಸಂತೆಯಲ್ಲಿ ಪ್ರಸಂಗ ಮಾಡುತ್ತಿದ್ದವರೊಬ್ಬರು ಅಮ್ಮನೊಂದಿಗೆ ಮಾತನಾಡುತ್ತ, ಅವರು ಈಗ ನರಕದಲ್ಲಿದ್ದಾರೆ, ನೀವಾದರೂ ಪಾರಾಗಿರಿ ಎಂದರಂತೆ. ಅಮ್ಮ ಅಂದಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ನಾನೊಬ್ಬಳೇ ನಮ್ಮ ಮನೆಯಲ್ಲಿ ಸಭೆಗೆ ಹೋಗುವವಳು. ನಾನು ಏನು ಹೇಳಲಿ?
(ಸಹೋದರಿ, ಶಿವಮೊಗ್ಗ ಜಿಲ್ಲೆ)

ಉತ್ತರ: ತಂಗಿ, ಆ ಮಾತನ್ನು ಹೇಳುವ ಅಧಿಕಾರ ಅವರಿಗೆ ಇರಲಿಲ್ಲವೆಂದು ನಿಮ್ಮ ತಾಯಿಯವರಿಗೆ ನೇರವಾಗಿ ತಿಳಿಸಿರಿ. ಸಿಲೋವದಲ್ಲಿ ಗೋಪುರ ಬಿದ್ದು 18 ಮಂದಿ ಸತ್ತ ಸುದ್ದಿಯನ್ನು ಎತ್ತಿಕೊಂಡು ಕರ್ತನು, ಸತ್ತವರು ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳೆಂದು ಎಣಿಸುತ್ತೀರೋ, ಅಲ್ಲ ಎಂದನು; ಪಶ್ಚಾತ್ತಾಪದ ಕರೆಯನ್ನು ಎದುರಿಗಿದ್ದ ಬದುಕಿರುವವರಿಗೆ ಕೊಟ್ಟನು. ಶಿಲುಬೆಯ ಮೇಲೆ ಸಾಯುತ್ತಿದ್ದ ಕಳ್ಳನೊಬ್ಬನು ಕೊನೆಯ ಗಳಿಗೆಯಲ್ಲಿ ಆಡಿದ ಒಂದು ಮಾತಿಗೆ ಪರದೈಸಿನ ವಾಗ್ದಾನ ಸಿಕ್ಕಿದ್ದನ್ನು ಬಲ್ಲ ನಾವು, ಮತ್ತೊಬ್ಬರ ಕೊನೆಯ ಗಳಿಗೆಯಲ್ಲಿ ಅವರಿಗೂ ದೇವರಿಗೂ ನಡುವೆ ಏನು ನಡೆಯಿತೆಂದು ಹೇಳಲಾರೆವು. ಸರ್ವಲೋಕಕ್ಕೆ ನ್ಯಾಯತೀರಿಸುವಾತನು ನ್ಯಾಯವನ್ನೇ ನಡಿಸುವನಲ್ಲವೇ ಎಂದು ಅಬ್ರಹಾಮನು ಕೇಳಿದನು. ನಿಮ್ಮ ತಂದೆಯವರು ಆ ನ್ಯಾಯವಂತನ ಕೈಯಲ್ಲಿದ್ದಾರೆ. ಇದಕ್ಕಿಂತ ಹೆಚ್ಚಿನದನ್ನು ನಾನೂ ಹೇಳುವುದಿಲ್ಲ, ಕಡಿಮೆಯನ್ನೂ ಹೇಳುವುದಿಲ್ಲ. ಸದ್ಯಕ್ಕೆ ಅಮ್ಮನಿಗೆ ಉಪದೇಶ ಬೇಡ. ಅವರ ಜೊತೆಯಲ್ಲಿ ಕುಳಿತು ಊಟಮಾಡಿ, ಅಪ್ಪನ ವಿಷಯವಾಗಿ ಅವರು ಆಡುವ ಮಾತುಗಳನ್ನು ಕೇಳಿರಿ.

ಪ್ರಶ್ನೆ: ದೇವರ ಶಿಕ್ಷೆಯ ವಿಷಯವನ್ನು ಬೀದಿಯಲ್ಲಿ ಸಾರುವುದು ಕಾನೂನಿಗೆ ವಿರುದ್ಧವೇ? ಧ್ವನಿವರ್ಧಕ ಬಳಸಬಹುದೇ?
(ಓದುಗರು, ಕಲಬುರಗಿ)

ಉತ್ತರ: ಸಂವಿಧಾನದ 25ನೆಯ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಕೊಟ್ಟಿದೆ. ಆದರೆ 1967ರ ಒಡಿಶಾದ ಕಾಯ್ದೆಯೂ 1968ರ ಮಧ್ಯಪ್ರದೇಶದ ಕಾಯ್ದೆಯೂ ಮತಾಂತರಕ್ಕಾಗಿ ದೈವಕೋಪದ ಬೆದರಿಕೆ ಹಾಕುವುದನ್ನು ಬಲಪ್ರಯೋಗದಲ್ಲಿ ಸೇರಿಸಿದವು, ಮತ್ತು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ಆ ಎರಡು ಕಾಯ್ದೆಗಳನ್ನೂ ಎತ್ತಿಹಿಡಿಯಿತು. ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆಯ ಇಂದಿನ ಸ್ಥಿತಿಯನ್ನು ವಕೀಲರೊಬ್ಬರ ಬಳಿ ಕೇಳಿ ತಿಳಿದುಕೊಂಡೇ ಬೀದಿಗಿಳಿಯಿರಿ. ದೀಕ್ಷಾಸ್ನಾನ ತೆಗೆದುಕೊಳ್ಳದಿದ್ದರೆ ನಿಮ್ಮ ಮಗು ಬದುಕುವುದಿಲ್ಲ ಎಂಬಂಥ ಮಾತು ಕಾನೂನಿನ ಮುಂದೆ ಬೆದರಿಕೆ, ಸತ್ಯವೇದದ ಮುಂದೆ ಸುಳ್ಳು. ಇತರರ ದೇವರನ್ನು ಹೀನಾಯವಾಗಿ ನಿಂದಿಸುವುದಂತೂ ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಿಗೆ ಗುರಿಯಾಗಬಹುದು. ಎಫೆಸದಲ್ಲಿ ಗಲಭೆಯೆದ್ದಾಗ, ಪೌಲನ ಸಂಗಡಿಗರು ನಮ್ಮ ದೇವಿಯನ್ನು ದೂಷಿಸಿದವರಲ್ಲ ಎಂದು ಪಟ್ಟಣದ ಅಧಿಕಾರಿಯೇ ಸಾಕ್ಷಿ ಹೇಳಿದ್ದನ್ನು ನೆನಪಿಡಿರಿ. ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಲಿಖಿತ ಅನುಮತಿ ಬೇಕು, ಮತ್ತು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಅದನ್ನು ಬಳಸುವಂತಿಲ್ಲ. ಅನುಮತಿ ಪತ್ರದ ಪ್ರತಿಯೊಂದನ್ನು ತಂಡದ ಹಿರಿಯರು ಜೊತೆಯಲ್ಲಿಯೇ ಇಟ್ಟುಕೊಂಡಿರಲಿ.